ಅಪ್ಪನ ಕಂಪ್ಯೂಟರ್: ವೈರಸ್ ಹೋಯಿತು, ಆದರೆ ಪಾಸ್‌ವರ್ಡ್ ಹಾಕಿದ ಮೇಲೆ ಬರೀ ಕಪ್ಪು ಪರದೆ

ಕಡ್ಲೆಕಾಯಿ_ಪರಿಷೆ · ಶನಿವಾರ, ಸಂಜೆ 6:12

ಎಲ್ಲರಿಗೂ ನಮಸ್ಕಾರ. ಬೆಂಗಳೂರು, ಗಿರಿನಗರದಿಂದ. ಅಪ್ಪನ ಡೆಸ್ಕ್‌ಟಾಪ್ ಕೈಕೊಟ್ಟಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ಮಷೀನು 2016ರದ್ದು. ಆರನೇ ತಲೆಮಾರಿನ ಐ3, 8 ಜಿಬಿ ರ್‍ಯಾಮ್. ಮೂರು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿದೆವು. ವಿಂಡೋಸ್ 10. ಹಾಲ್‌ನಲ್ಲಿ ದೇವರಮನೆ ಪಕ್ಕ ಇಟ್ಟಿದ್ದೇವೆ, ಕ್ಯಾಬಿನೆಟ್ ಮೇಲೆ ಆಯುಧ ಪೂಜೆಯ ಕುಂಕುಮ ಇನ್ನೂ ಹಾಗೇ ಇದೆ.

ಬುಧವಾರ ಅಪ್ಪನಿಗೆ ಒಂದು ಪಿಡಿಎಫ್ ಅನ್ನು ವರ್ಡ್ ಫೈಲ್ ಮಾಡಬೇಕಿತ್ತು. ಗೂಗಲ್‌ನಲ್ಲಿ ಹುಡುಕಿ, ಯಾವುದೋ ಸೈಟ್‌ನಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದ್ದಾರೆ. ಅದು ಪಿಡಿಎಫ್‌ನ ಬಟನ್ ಅಲ್ಲ, ಜಾಹೀರಾತು. ಆಮೇಲೆ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ಅಪಾಯ’ ಅಂತ ಪೆಟ್ಟಿಗೆಗಳು ಬರತೊಡಗಿದವು. ಗುರುವಾರ ನಾನು ಒಂದು ಉಚಿತ ಆ್ಯಂಟಿವೈರಸ್ ಹಾಕಿ ಓಡಿಸಿದೆ. 14 ಸಿಕ್ಕಿತು. ಎಲ್ಲಾ ತೆಗೆದು ಹಾಕು ಅಂದೆ. ತೆಗೆಯಿತು. ರೀಸ್ಟಾರ್ಟ್ ಕೇಳಿತು. ಮಾಡಿದೆ.

ಅಲ್ಲಿಗೆ ಮುಗೀತು. ವಿಂಡೋಸ್ ಲೋಗೋ ಬರುತ್ತೆ, ಪಾಸ್‌ವರ್ಡ್ ಕೇಳುತ್ತೆ, ಹಾಕಿದರೆ ‘ವೆಲ್‌ಕಮ್’ ಅನ್ನುತ್ತೆ. ಆಮೇಲೆ ಕಪ್ಪು ಪರದೆ, ಮೌಸ್‌ನ ಬಾಣ ಒಂದೇ. ಐಕಾನ್ ಇಲ್ಲ, ಕೆಳಗಿನ ಪಟ್ಟಿ ಇಲ್ಲ. ಅರ್ಧ ಗಂಟೆ ಕಾದೆ.

ಅಪ್ಪ 11 ವರ್ಷದಿಂದ ನಮ್ಮ ಊರಿನ ಕಥೆ ಬರೆಯುತ್ತಿದ್ದಾರೆ. ನಾಗಮಂಗಲದ ಹತ್ತಿರದ ಸಣ್ಣ ಊರು. ಎಲ್ಲಾ ಅದರಲ್ಲೇ ಇದೆ. ಬ್ಯಾಕಪ್ ಕೇಳಬೇಡಿ.

ನೀಲಿಪರದೆ · ಶನಿವಾರ, ಸಂಜೆ 6:30

ಕಪ್ಪು ಪರದೆ ನೋಡಿದ್ರೆ ನನಗೆ ಹೊಟ್ಟೆಕಿಚ್ಚು. ನಮ್ಮದು ನೀಲಿ ಪಕ್ಷ.

ಸರ್, ರಿಕವರಿಗೆ (ವಿಂಡೋಸ್ ರಿಪೇರಿ ಪರದೆ) ಹೋಗಿ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೂಟ್ ಭಾಗ ಸರಿಮಾಡೋ ಬೂಟ್‌ರೆಕ್ ಕಮಾಂಡ್ ಕೊಡಿ. ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್, ರೀಬಿಲ್ಡ್‌ಬಿಸಿಡಿ. ಮೂರೂ ಸಾಲಾಗಿ. ನನಗೆ ಒಂದ್ಸಲ ವರ್ಕ್ ಆಗಿತ್ತು.

ಸ್ಕ್ರೂಡ್ರೈವರ್_ಅಣ್ಣ · ಶನಿವಾರ, ಸಂಜೆ 6:51

ಬೂಟ್‌ರೆಕ್ ಮುಟ್ಟಬೇಡಿ. ಕಾಲು ಮುರಿದವನಿಗೆ ಕನ್ನಡಕ ಕೊಟ್ಟ ಹಾಗೆ ಅದು.

ಕಂಪ್ಯೂಟರ್ ಸ್ಟಾರ್ಟ್ ಆಗ್ತಿಲ್ಲ ಅಂತ ಎಲ್ಲರೂ ಒಂದೇ ಮಾತು ಹೇಳ್ತಾರೆ. ಎಲ್ಲಿ ನಿಂತಿದೆ ಅನ್ನೋದು ಮುಖ್ಯ. ಪವರ್ ಒತ್ತಿದ ಮೇಲೆ ಏನೂ ಬರದಿದ್ದರೆ ಹಾರ್ಡ್‌ವೇರ್ ನೋಡಬೇಕು. ಕಂಪನಿ ಲೋಗೋ ಬಂದು ‘ಬೂಟ್ ಡಿವೈಸ್ ಇಲ್ಲ’ ಅಂದರೆ ಡಿಸ್ಕ್ ಅಥವಾ ಬೂಟ್ ಫೈಲು. ವಿಂಡೋಸ್ ಲೋಗೋ ಹತ್ತಿರ ಸುತ್ತುತ್ತಾ ಕೂತರೆ ಡ್ರೈವರ್ರೋ ಸಿಸ್ಟಂ ಫೈಲೋ ಕೆಟ್ಟಿದೆ. ಇವರದು ಪಾಸ್‌ವರ್ಡ್ ತಗೊಂಡು ವೆಲ್‌ಕಮ್ ಅಂದಿದೆ. ಅಂದರೆ ಬೂಟ್ ಆಗಿಹೋಗಿದೆ. ನಿಂತಿರೋದು ಕೊನೇ ಮೆಟ್ಟಿಲಲ್ಲಿ, ಡೆಸ್ಕ್‌ಟಾಪ್ ತೆರೆಯೋ ಜಾಗದಲ್ಲಿ. ಅದಕ್ಕೆ ಎಂಬಿಆರ್ (ಡಿಸ್ಕಿನ ಶುರುವಿನಲ್ಲಿರೋ ಬೂಟ್ ಭಾಗ) ಬರೆದು ಏನು ಉಪಯೋಗ? ಅದೂ ಅಲ್ಲದೆ 2016ರ ಮಷೀನಲ್ಲಿ ಹೊಸ ಬೂಟ್ ಪದ್ಧತಿ (ಯುಇಎಫ್‌ಐ, ಜಿಪಿಟಿ ಡಿಸ್ಕ್) ಇರೋ ಸಂಭವ ಜಾಸ್ತಿ. ಅದರಲ್ಲಿ ಫಿಕ್ಸ್‌ಎಂಬಿಆರ್‌ಗೆ ಕೆಲಸವೇ ಇಲ್ಲ. ಫಿಕ್ಸ್‌ಬೂಟ್ ಕೊಟ್ಟರೆ ಎಷ್ಟೋ ಸಲ ‘ಆಕ್ಸೆಸ್ ಡಿನೈಡ್’ ಅಂತ ಮುಖಕ್ಕೆ ಹೊಡೆಯುತ್ತೆ.

ಎರಡು ಪ್ರಶ್ನೆ. ಒಂದು, ಕಪ್ಪು ಪರದೆಯಲ್ಲಿ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತಾ? ಇನ್ನೊಂದು, ಆ ಮಷೀನಲ್ಲಿ ಬೇರೆ ಯಾರದಾದರೂ ಅಕೌಂಟ್ ಇದೆಯಾ, ಅದರಲ್ಲೂ ಹೀಗೇನಾ?

ತಿಂಡಿಪೋತ · ಶನಿವಾರ, ಸಂಜೆ 7:05

ಫಾರ್ಮ್ಯಾಟ್ ಹೊಡೆಸಿ ಸಾರ್. 800 ರೂಪಾಯಿ, ಒಂದು ಗಂಟೆ. ಹೊರಗೆ ಮಸಾಲೆ ದೋಸೆ ತಿಂದು ಬರೋಷ್ಟರಲ್ಲಿ ರೆಡಿ.

ಕಡ್ಲೆಕಾಯಿ_ಪರಿಷೆ · ಶನಿವಾರ, ರಾತ್ರಿ 8:20

ಸರ್ ಅಲ್ಲ, ಮೇಡಂ. ಪರವಾಗಿಲ್ಲ.

@ತಿಂಡಿಪೋತ, 11 ವರ್ಷದ ಬರಹ ಇದೆ ಅಂದೆನಲ್ಲಾ. ಫಾರ್ಮ್ಯಾಟ್ ಅನ್ನೋ ಪದ ಅಪ್ಪನ ಮುಂದೆ ಎತ್ತೋ ಹಾಗಿಲ್ಲ.

@ಸ್ಕ್ರೂಡ್ರೈವರ್_ಅಣ್ಣ, ಒತ್ತಿ ನೋಡಿದೆ. ‘ಟಾಸ್ಕ್ ಮ್ಯಾನೇಜರ್ ಅನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿಷ್ಕ್ರಿಯಗೊಳಿಸಿದ್ದಾರೆ’ ಅನ್ನೋ ಅರ್ಥದ ಸಂದೇಶ ಬಂತು. ಅಪ್ಪ ಗಾಬರಿಯಾಗಿ ಕೇಳಿದರು, ಯಾರು ಈ ಅಡ್ಮಿನಿಸ್ಟ್ರೇಟರ್ ಅಂತ. ಅಡುಗೆಮನೆಯಿಂದ ಅಮ್ಮ ‘ನಾನೇ’ ಅಂದರು.

ಅಮ್ಮನ ಹೆಸರಲ್ಲಿ ಒಂದು ಅಕೌಂಟ್ ಇದೆ, ಸೀರಿಯಲ್ ನೋಡಲಿಕ್ಕೆ. ಅದಕ್ಕೆ ಹೋದರೂ ಕಪ್ಪೇ.

ಸ್ಕ್ರೂಡ್ರೈವರ್_ಅಣ್ಣ · ಶನಿವಾರ, ರಾತ್ರಿ 9:02

ಸಿಕ್ಕಿಬಿತ್ತು ಅಂದುಕೊಳ್ಳಿ.

ನೀವು ಲಾಗಿನ್ ಆದ ಮೇಲೆ ಡೆಸ್ಕ್‌ಟಾಪ್ ತಾನಾಗಿ ಬರಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲಾ ಬರೆದಿಡೋ ರಿಜಿಸ್ಟ್ರಿಯಲ್ಲಿ ವಿನ್‌ಲಾಗಾನ್ ಅಂತ ಒಂದು ಜಾಗ ಇದೆ. ಅಲ್ಲಿ ‘ಶೆಲ್’ ಅನ್ನೋ ಹೆಸರಿನ ಮುಂದೆ ಯಾವ ಪ್ರೋಗ್ರಾಂ ಬರೆದಿದೆಯೋ ಅದನ್ನು ವಿಂಡೋಸ್ ಓಡಿಸುತ್ತೆ. ಸರಿಯಾದ ಮಷೀನಲ್ಲಿ ಅಲ್ಲಿ ಇರಬೇಕಾದ್ದು ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ, ಅಷ್ಟೇ. ಕೆಲವು ಮಾಲ್‌ವೇರ್ (ವೈರಸ್ಸಿನಂಥ ಕೆಟ್ಟ ಪ್ರೋಗ್ರಾಂ) ಅದನ್ನು ಅಳಿಸಿ ತನ್ನ ಹೆಸರು ಬರೆದುಕೊಳ್ಳುತ್ತೆ. ಮೊದಲು ತಾನು ಓಡುತ್ತೆ, ಆಮೇಲೆ ತಾನೇ ಎಕ್ಸ್‌ಪ್ಲೋರರ್ ತೆರೆಯುತ್ತೆ. ನಿಮಗೆ ಗೊತ್ತೇ ಆಗಲ್ಲ. ಗುರುವಾರ ಆ್ಯಂಟಿವೈರಸ್ಸು ಆ ಫೈಲನ್ನು ಎತ್ತಿ ಬಿಸಾಕಿತು. ಹೆಸರು ಮಾತ್ರ ಅಲ್ಲೇ ಉಳೀತು. ಈಗ ವಿಂಡೋಸ್ ಇಲ್ಲದ ಫೈಲನ್ನು ಕರೆಯುತ್ತೆ, ಯಾರೂ ಓಗೊಡಲ್ಲ, ಕಪ್ಪು ಪರದೆ.

ಬಾಡಿಗೆದಾರ ಮನೆ ಬೀಗ ಬದಲಾಯಿಸಿದ್ದ. ಅವನನ್ನು ಓಡಿಸಿದಿರಿ, ಕೀಲಿ ಅವನ ಜೇಬಲ್ಲೇ ಹೋಯಿತು. ಅಷ್ಟೇ ಕಥೆ. ವೈರಸ್ ತೆಗೆಯೋದು ಒಂದು ಕೆಲಸ, ಅದು ಕೆಡಿಸಿದ್ದನ್ನು ರಿಪೇರಿ ಮಾಡೋದು ಇನ್ನೊಂದು. ಆ್ಯಂಟಿವೈರಸ್‌ಗಳು ಮೊದಲನೆಯದನ್ನು ಚೆನ್ನಾಗಿ ಮಾಡುತ್ತವೆ. ಎರಡನೆಯದರಲ್ಲಿ ಎಷ್ಟೋ ಸಲ ಕೈಬಿಡುತ್ತವೆ.

ಅಮ್ಮನ ಅಕೌಂಟಲ್ಲೂ ಹೀಗೇ ಅಂದಿರಲ್ಲ, ಅದರಿಂದ ಒಳ್ಳೇ ಸುಳಿವು ಸಿಕ್ಕಿತು. ಒಬ್ಬರಿಗೆ ಮಾತ್ರ ಆಗಿದ್ದರೆ ಆ ಅಕೌಂಟಿನ ಸ್ವಂತ ರಿಜಿಸ್ಟ್ರಿ ನೋಡಬೇಕಿತ್ತು. ಇಬ್ಬರಿಗೂ ಆಗಿದೆ ಅಂದರೆ ಇಡೀ ಮಷೀನಿನ ಶೆಲ್ ಬದಲಾಗಿದೆ.

ಆದರೆ ಇವತ್ತು ರಿಪೇರಿ ಬೇಡ. ಮೊದಲು ಫೈಲು ಹೊರಗೆ ಬರಲಿ. 32 ಜಿಬಿ ಪೆನ್‌ಡ್ರೈವ್ ಇದ್ದರೆ ಸಾಕು. ನೆಟ್ ಕೇಬಲ್ ಎಳೆದುಬಿಡಿ. ಪಾಸ್‌ವರ್ಡ್ ಕೇಳೋ ಪರದೆಯ ಬಲಗಡೆ ಕೆಳಗೆ ಪವರ್ ಗುರುತು ಇರುತ್ತೆ. ಶಿಫ್ಟ್ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ನೀಲಿ ಪರದೆ ಬರುತ್ತೆ, ಹೆದರಬೇಡಿ, ಅದು ರಿಕವರಿ. (ನೀಲಿಪರದೆ ಅವರೇ, ಖುಷಿನಾ?) ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಕಪ್ಪು ಕಿಟಕಿಯಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದ ಮೇಲೆ ಫೈಲ್, ಓಪನ್. ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಆ ಸಣ್ಣ ಪೆಟ್ಟಿಗೆಯೇ ಈಗ ನಿಮ್ಮ ಫೈಲ್ ಮ್ಯಾನೇಜರ್. ಫೋಲ್ಡರ್ ಮೇಲೆ ಬಲ ಕ್ಲಿಕ್, ಕಾಪಿ. ಪೆನ್‌ಡ್ರೈವಿಗೆ ಹೋಗಿ ಪೇಸ್ಟ್.

ನೆನಪಿಡಬೇಕಾದ ಒಂದು ವಿಷಯ, ಅಲ್ಲಿ ಡ್ರೈವ್ ಅಕ್ಷರಗಳು ಅದಲು ಬದಲಾಗಿರಬಹುದು. ನಿಮ್ಮ ಸಿ ಅಲ್ಲಿ ಡಿ ಆಗಿರಬಹುದು. ಎಷ್ಟು ಕಾಪಿ ಆಯಿತು ಅಂತ ಪಟ್ಟಿ ತೋರಿಸಲ್ಲ, ಸತ್ತಂತೆ ಕೂತಿರುತ್ತೆ. ಕಾಯಿರಿ. ಡಾಕ್ಯುಮೆಂಟ್ಸ್, ಫೋಟೋ, ಡೆಸ್ಕ್‌ಟಾಪ್ ಅಷ್ಟೇ ತಗೊಳ್ಳಿ. ಡೌನ್‌ಲೋಡ್ಸ್ ಬೇಡ. ಇಎಕ್ಸ್‌ಇ, ಶಾರ್ಟ್‌ಕಟ್, ಏನೂ ಬೇಡ.

ಬೆಂಕಿಗೋಡೆ · ಶನಿವಾರ, ರಾತ್ರಿ 9:40

ಅಣ್ಣ ಹೇಳಿದ್ದು ಸರಿ. ನಾನು ವೈಟ್‌ಫೀಲ್ಡ್ ಕಡೆ ಭದ್ರತೆ ಕೆಲಸ ಮಾಡುವವನು. ಒಂದು ಮಾತು ಸೇರಿಸುತ್ತೇನೆ.

ಇಂಥ ಹಸಿರು ಬಟನ್‌ಗಳಿಂದ ಬರೋದು ಈಗೀಗ ಹೆಚ್ಚಾಗಿ ಕದಿಯುವ ಜಾತಿಯವು. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್, ಲಾಗಿನ್ ನೆನಪಿಟ್ಟುಕೊಳ್ಳುವ ಕುಕಿ ಎಲ್ಲಾ ಒಂದೆರಡು ನಿಮಿಷದಲ್ಲಿ ಬಳಿದುಕೊಂಡು ಹೋಗುತ್ತವೆ. ಬುಧವಾರ ಓಡಿದ್ದು ಬುಧವಾರವೇ ಕೆಲಸ ಮುಗಿಸಿರಬಹುದು. ಆದ್ದರಿಂದ ಅಪ್ಪನ ಇಮೇಲ್ ಪಾಸ್‌ವರ್ಡ್ ಈಗಲೇ ಬದಲಾಯಿಸಿ, ನಿಮ್ಮ ಫೋನಿಂದ. ಆ ಮಷೀನಿಂದ ಬೇಡವೇ ಬೇಡ. ಬದಲಾಯಿಸಿದರೆ ಸಾಲದು, ‘ಎಲ್ಲಾ ಸಾಧನಗಳಿಂದ ಸೈನ್ ಔಟ್’ ಕೂಡ ಒತ್ತಿ. ಕದ್ದ ಕುಕಿ ಇದ್ದರೆ ಪಾಸ್‌ವರ್ಡೇ ಬೇಕಾಗಲ್ಲ. ಇಮೇಲ್ ಆದ ಮೇಲೆ ಬ್ಯಾಂಕು.

ಕಡ್ಲೆಕಾಯಿ_ಪರಿಷೆ · ಭಾನುವಾರ, ಬೆಳಗ್ಗೆ 11:15

ಪಾಸ್‌ವರ್ಡ್ ಬದಲಾಯಿಸಿದೆ. ಅಪ್ಪ ಎಲ್ಲಾ ಪಾಸ್‌ವರ್ಡನ್ನೂ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ. ಬ್ರೌಸರ್‌ನಲ್ಲಿ ಸೇವ್ ಆಗಿದ್ದದ್ದು ಇಮೇಲ್ ಒಂದೇ. ಈ ಸಲ ಹಳೇ ಪದ್ಧತಿಯೇ ಗೆದ್ದಿತು.

ನೋಟ್‌ಪ್ಯಾಡ್ ಉಪಾಯ ಕೆಲಸ ಮಾಡಿತು! ನಮ್ಮಲ್ಲೂ ಸಿ ಡ್ರೈವ್ ಡಿ ಆಗಿತ್ತು. 9 ಜಿಬಿ. 40 ನಿಮಿಷ ಆಡದೆ ಅಲ್ಲಾಡದೆ ಕೂತಿತ್ತು. ಮಧ್ಯದಲ್ಲಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಕಿರುಚುತ್ತಾ ಹತ್ತು ನಿಮಿಷ ತಳ್ಳಿತು. ದೇವರ ದಯೆ.

ಆದರೆ ಈಗ ಕೈಕಾಲು ನಡುಗ್ತಿದೆ. ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಸ್ಕ್ಯಾನ್ ಮಾಡಿ, ಅಪ್ಪನ ಒಂದು ವರ್ಡ್ ಫೈಲ್ ತೆರೆದೆ. ಒಳಗೆ ಬರೀ ಕಸ. ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು ಇರೋ ಎ, ಪೌಂಡ್ ಗುರುತು, ಪ್ರಶ್ನೆ ಚಿಹ್ನೆ. ಇನ್ನೊಂದು ತೆರೆದೆ, ಅದೂ ಹಾಗೇ. 200ಕ್ಕೂ ಜಾಸ್ತಿ ಫೈಲ್ ಇವೆ, ತೆರೆದದ್ದೆಲ್ಲಾ ಹೀಗೇ. ಇದು ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ರ್‍ಯಾನ್ಸಮ್‌ವೇರ್ ಅಲ್ವಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಒಳಗೆ ಪೇಪರ್ ಓದ್ತಿದ್ದಾರೆ.

ಬೆಂಕಿಗೋಡೆ · ಭಾನುವಾರ, ಬೆಳಗ್ಗೆ 11:22

ಗಾಬರಿ ಬೇಡ. ಫೈಲ್ ಹೆಸರಿನ ಕೊನೆ ಬದಲಾಗಿದೆಯಾ? ಡಾಟ್ ಡಾಕ್ ಆದ ಮೇಲೆ ಇನ್ನೇನಾದರೂ ಅಂಟಿಕೊಂಡಿದೆಯಾ? ಪ್ರತಿ ಫೋಲ್ಡರಿನಲ್ಲಿ ‘ಹಣ ಕೊಡಿ’ ಅನ್ನೋ ಟೆಕ್ಸ್ಟ್ ಫೈಲ್ ಇದೆಯಾ? ಫೋಟೋಗಳು ತೆರೆಯುತ್ತವಾ? ರ್‍ಯಾನ್ಸಮ್‌ವೇರ್ ಆಗಿದ್ದರೆ ವರ್ಡ್ ಅದನ್ನು ತೆರೆಯೋದೇ ಇಲ್ಲ, ಫೈಲ್ ಹಾಳಾಗಿದೆ ಅನ್ನುತ್ತೆ.

ಒಂದು ವೇಳೆ ಅದೇ ಆಗಿದ್ದರೂ ದುಡ್ಡು ಕೊಡಬೇಡಿ. ‘ನೋ ಮೋರ್ ರ್‍ಯಾನ್ಸಮ್’ ಅಂತ ಒಂದು ವೆಬ್‌ಸೈಟ್ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು, ಎರಡು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಜಾತಿಯವಕ್ಕೆ ಬಿಡಿಸೋ ಸಾಧನ ಅಲ್ಲಿ ಪುಕ್ಕಟೆ ಸಿಗುತ್ತೆ.

ಹಳೇ_ಫ್ಲಾಪಿ · ಭಾನುವಾರ, ಬೆಳಗ್ಗೆ 11:31

ಅಮ್ಮಾ, ಒಂದೇ ಪ್ರಶ್ನೆ. ನಿಮ್ಮ ತಂದೆಯವರು ಟೈಪ್ ಮಾಡ್ತಿದ್ದದ್ದು ನುಡಿ ಎಂಬ ಕನ್ನಡ ತಂತ್ರಾಂಶದಲ್ಲೇ? ನಿಮ್ಮ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇದೆಯೇ?

ಆ ಫೈಲಿನಲ್ಲಿ ಎಲ್ಲಾದರೂ ಇಂಗ್ಲಿಷ್ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ, ಅದರ ಪಕ್ಕ ಪೌಂಡ್ ಗುರುತು ಸಾಲಾಗಿ ಇದ್ದರೆ ಅದು ‘ಕನ್ನಡ’ ಎಂಬ ಪದದ ಮೊದಲ ಎರಡು ಅಕ್ಷರ.

ಕಡ್ಲೆಕಾಯಿ_ಪರಿಷೆ · ಭಾನುವಾರ, ಬೆಳಗ್ಗೆ 11:48

ಅಯ್ಯೋ.

ಫೋಟೋ ಎಲ್ಲಾ ತೆರೀತಿವೆ. ಹೆಸರಿನ ಕೊನೆ ಬದಲಾಗಿಲ್ಲ. ನುಡಿ ಇನ್‌ಸ್ಟಾಲ್ ಮಾಡಿ ಅದೇ ಫೈಲ್ ತೆರೆದೆ. ಮೊದಲ ಸಾಲು: ‘ನಮ್ಮ ಊರಿನ ಕೆರೆ ಏರಿಯ ಮೇಲೆ ಎರಡು ಅರಳಿ ಮರ.’

ನಾನು ಅಳ್ತಿದೀನೋ ನಗ್ತಿದೀನೋ ಗೊತ್ತಾಗ್ತಿಲ್ಲ. ಅಪ್ಪ ಬಂದು ಏನಾಯ್ತು ಅಂದರು. ಅರಳಿ ಮರ ಅಂದೆ.

ನೀಲಿಪರದೆ · ಭಾನುವಾರ, ಬೆಳಗ್ಗೆ 11:55

ಪ್ರಪಂಚದಲ್ಲಿ ಬೇರೆ ಯಾವ ವೇದಿಕೆಯಲ್ಲೂ ಈ ಡಯಾಗ್ನೋಸಿಸ್ ಸಿಕ್ತಿರಲಿಲ್ಲ. ಫ್ಲಾಪಿ ಸರ್‌ಗೆ ಒಂದು ಕಾಫಿ.

ಹಳೇ_ಫ್ಲಾಪಿ · ಭಾನುವಾರ, ಮಧ್ಯಾಹ್ನ 12:20

ಅದರಲ್ಲೇನೂ ಜಾಣತನವಿಲ್ಲ. ಹಳೆಯ ನುಡಿ ಬರಹ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಚಿತ್ರಿಸಿದ ಫಾಂಟು. ಫಾಂಟ್ ಕಿತ್ತರೆ ಕೆಳಗಿನ ಇಂಗ್ಲಿಷ್ ಅಕ್ಷರ ಬಯಲಾಗುತ್ತದೆ. ಕನ್ನಡ ಗಣಕ ಪರಿಷತ್ತಿನವರ ನುಡಿಯ ಜೊತೆಗೇ ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಇದೆ. ಪುರಸೊತ್ತಿನಲ್ಲಿ ಎಲ್ಲವನ್ನೂ ತಿರುಗಿಸಿಡಿ. ಮೂಲ ಪ್ರತಿಯನ್ನೂ ಇಟ್ಟುಕೊಳ್ಳಿ, ಒತ್ತಕ್ಷರ ಅಲ್ಲಲ್ಲಿ ಎಡವುತ್ತದೆ.

ನಿಜವಾದ ಹಾಳು ಹೇಗಿರುತ್ತದೆಂದು ನಾನು ನೋಡಿದ್ದು 1999ರ ಏಪ್ರಿಲ್ 26. ಆಗ ಇಲ್ಲೇ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದೆ. ಸಿಐಎಚ್ ವೈರಸ್, ಚೆರ್ನೋಬಿಲ್ ಎಂದೂ ಕರೆಯುತ್ತಿದ್ದರು. ಆ ತಾರೀಖು ಬಂದ ಕೂಡಲೇ ಡಿಸ್ಕಿನ ಮೊದಲ ಭಾಗವನ್ನು ಸೊನ್ನೆಯಿಂದ ತುಂಬುತ್ತಿತ್ತು. ಅದು ಸಾಲದೆಂಬಂತೆ ಮಷೀನನ್ನು ಶುರು ಮಾಡುವ, ಮದರ್‌ಬೋರ್ಡಿನ ಬಯಾಸ್ ಚಿಪ್ಪಿನ ಮೇಲೂ ಬರೆಯುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದು ಹತ್ತು ಮಷೀನ್ ಆನ್ ಮಾಡಿದೆ. ಮೂರು ಮಷೀನಿನಲ್ಲಿ ಫ್ಯಾನ್ ತಿರುಗಿತು, ಪರದೆ ಬೆಳಗಲಿಲ್ಲ. ಚಿಪ್ ಕಿತ್ತು ಎಸ್‌ಪಿ ರೋಡಿಗೆ ಒಯ್ದು ಮತ್ತೆ ಬರೆಸಿಕೊಂಡು ಬಂದೆ. ಅದಕ್ಕೂ ಮೊದಲು, 1992ರಲ್ಲಿ, ಮಾರ್ಚ್ 6ರಂದು ಮೈಕೆಲೇಂಜೆಲೊ ಎಂಬ ವೈರಸ್ಸಿನ ಹೆದರಿಕೆಗೆ ಇಡೀ ದಿನ ಲ್ಯಾಬ್ ಮುಚ್ಚಿಸಿದ್ದರು. ಹುಡುಗರಿಗೆ ರಜೆ.

ಸ್ಕ್ರೂಡ್ರೈವರ್_ಅಣ್ಣ · ಭಾನುವಾರ, ಮಧ್ಯಾಹ್ನ 1:10

ಸಾರ್, ಆ ಚಿಪ್ ಬರೆದುಕೊಟ್ಟವರ ಅಂಗಡಿಯಲ್ಲಿ ನಾನು ಆಮೇಲೆ ಹುಡುಗನಾಗಿ ಸೇರಿಕೊಂಡಿದ್ದಿರಲೂಬಹುದು. ಎಸ್‌ಪಿ ರೋಡಲ್ಲಿ ಆಗ ಆ ಕೆಲಸ ಗೊತ್ತಿದ್ದವರು ಕೆಲವೇ ಜನ.

ಮೇಡಂ, ಫೈಲು ಸೇಫ್ ಅಂದಮೇಲೆ ಈಗ ಬೀಗ ರಿಪೇರಿ. ಮತ್ತೆ ಅದೇ ಕಮಾಂಡ್ ಪ್ರಾಂಪ್ಟಿಗೆ ಹೋಗಿ. ರೆಜ್‌ಎಡಿಟ್ ಅಂತ ಟೈಪ್ ಮಾಡಿ. ಇಲ್ಲಿ ಎಲ್ಲರೂ ಎಡವುತ್ತಾರೆ, ನಿಧಾನ ಓದಿ. ತೆರೆಯೋದು ರಿಕವರಿಯ ಸ್ವಂತ ರಿಜಿಸ್ಟ್ರಿ, ಅಪ್ಪನ ಮಷೀನಿಂದಲ್ಲ. ಅದರಲ್ಲಿ ಶೆಲ್ ಹುಡುಕಿ ತಿದ್ದಿದರೆ ಏನೂ ಆಗಲ್ಲ. ಅಪ್ಪನದನ್ನು ಹೊರಗಿನಿಂದ ತಂದು ಹಚ್ಚಬೇಕು.

ಎಡಗಡೆ ‘ಲೋಕಲ್ ಮಷೀನ್’ ಅಂತ ಕೊನೆಯಾಗೋ ಸಾಲನ್ನು ಆರಿಸಿ. ಮೇಲೆ ಫೈಲ್ ಮೆನುವಿನಲ್ಲಿ ಲೋಡ್ ಹೈವ್ (ಹೈವ್ ಅಂದರೆ ರಿಜಿಸ್ಟ್ರಿಯ ಒಂದು ಫೈಲು). ನಿಮ್ಮ ವಿಂಡೋಸ್ ಇರೋ ಡ್ರೈವಿಗೆ ಹೋಗಿ, ವಿಂಡೋಸ್, ಸಿಸ್ಟಂ32, ಕಾನ್ಫಿಗ್. ಅಲ್ಲಿ ‘ಸಾಫ್ಟ್‌ವೇರ್’ ಅನ್ನೋ ಫೈಲ್, ಅದಕ್ಕೆ ಡಾಟ್ ಏನೂ ಇರಲ್ಲ. ತೆರೆದರೆ ಹೆಸರು ಕೇಳುತ್ತೆ. ‘ಅಪ್ಪ’ ಅಂತ ಇಂಗ್ಲಿಷಲ್ಲಿ ಕೊಡಿ. ಈಗ ಅಪ್ಪ, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ವಿನ್‌ಲಾಗಾನ್. ಬಲಗಡೆ ಶೆಲ್ ನೋಡಿ. ಅಲ್ಲೇ ‘ಯೂಸರ್‌ಇನಿಟ್’ ಕೂಡ ನೋಡಿ. ಅದು ಸಿ ಡ್ರೈವಿನ ಸಿಸ್ಟಂ32ರಲ್ಲಿರೋ ಯೂಸರ್‌ಇನಿಟ್ ಡಾಟ್ ಇಎಕ್ಸ್‌ಇ, ಕೊನೆಗೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮ ತಪ್ಪಲ್ಲ, ಇರಲಿ. ಅದಾದ ಮೇಲೆ ಬೇರೆ ಏನಾದರೂ ಇದ್ದರೆ ಹೇಳಿ.

ತಿದ್ದುವ ಮೊದಲು ಫೋಟೋ ತೆಗೆದುಕೊಳ್ಳಿ. ತಿದ್ದಿದ ಮೇಲೆ ‘ಅಪ್ಪ’ ಆರಿಸಿ ಅನ್‌ಲೋಡ್ ಹೈವ್ ಮಾಡಿ. ಮರೀಬೇಡಿ.

ಕಡ್ಲೆಕಾಯಿ_ಪರಿಷೆ · ಭಾನುವಾರ, ಸಂಜೆ 4:35

ಶೆಲ್ ಮುಂದೆ ಇದ್ದದ್ದು ಎಕ್ಸ್‌ಪ್ಲೋರರ್ ಅಲ್ಲ! ಅಪ್ಪನ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ರೋಮಿಂಗ್, ಆಮೇಲೆ ಅರ್ಥವಿಲ್ಲದ ಎಂಟು ಅಕ್ಷರದ ಫೋಲ್ಡರ್, ಅದರೊಳಗೆ ಒಂದು ಇಎಕ್ಸ್‌ಇ. ಅದರ ಹೆಸರು ಗೂಗಲ್ ಅಪ್‌ಡೇಟ್ ಥರ ಇತ್ತು, ಒಂದು ಅಕ್ಷರ ಹೆಚ್ಚು. ಯೂಸರ್‌ಇನಿಟ್ ಸರಿಯಾಗಿಯೇ ಇತ್ತು.

ಶೆಲ್ ಅಳಿಸಿ ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಅಂತ ಬರೆದೆ. ಅನ್‌ಲೋಡ್ ಮಾಡಿದೆ. ಕಂಟಿನ್ಯೂ ಒತ್ತಿದೆ. ಅಪ್ಪ ಪಕ್ಕದಲ್ಲಿ ನಿಂತಿದ್ದರು, ಕೈಯಲ್ಲಿ ಕಾಫಿ ಲೋಟ ಹಾಗೇ. ಪಾಸ್‌ವರ್ಡ್ ಅವರೇ ಒಂದೊಂದೇ ಬೆರಳಲ್ಲಿ ಒತ್ತಿದರು. ವೆಲ್‌ಕಮ್. ಕಪ್ಪು. ಒಂದು, ಎರಡು, ಮೂರು ಸೆಕೆಂಡ್. ಆಮೇಲೆ ಕೆಳಗಿನ ಪಟ್ಟಿ ಬಂತು, ಹಿಂದೆಯೇ ಮೇಲುಕೋಟೆಯ ಕಲ್ಯಾಣಿಯ ವಾಲ್‌ಪೇಪರ್ರು.

ಕಾಫಿ ಆರಿಹೋಗಿತ್ತು. ಕುಡಿದುಬಿಟ್ಟರು.

ಟಾಸ್ಕ್ ಮ್ಯಾನೇಜರ್ ಮಾತ್ರ ಈಗಲೂ ಅಡ್ಮಿನಿಸ್ಟ್ರೇಟರ್ ನಿಷೇಧ ಅಂತಲೇ ಇದೆ. ರೆಜ್‌ಎಡಿಟ್ ಒತ್ತಿದರೂ ಅದೇ ಮಾತು.

ನೀಲಿಪರದೆ · ಭಾನುವಾರ, ಸಂಜೆ 4:50

ಅಭಿನಂದನೆಗಳು ಮೇಡಂ! ಸುಮ್ನೆ ಕೇಳ್ತೀನಿ, ಅಮ್ಮನ ಅಕೌಂಟಲ್ಲಿ ಟಾಸ್ಕ್ ಮ್ಯಾನೇಜರ್ ಬರುತ್ತಾ?

ಕಡ್ಲೆಕಾಯಿ_ಪರಿಷೆ · ಭಾನುವಾರ, ಸಂಜೆ 5:04

ಬಂತು! ಅಮ್ಮನದರಲ್ಲಿ ಎಲ್ಲಾ ಬರ್ತಿದೆ. ಅಮ್ಮ ಹೇಳಿದ್ದು ನಿಜ, ಅಡ್ಮಿನಿಸ್ಟ್ರೇಟರ್ ಅವರೇ.

ಸ್ಕ್ರೂಡ್ರೈವರ್_ಅಣ್ಣ · ಭಾನುವಾರ, ಸಂಜೆ 5:30

ತಪ್ಪೊಪ್ಪಿಗೆ. ನೀಲಿಪರದೆ ಕೇಳಿದ ಪ್ರಶ್ನೆ ನಾನು ನಿನ್ನೆಯೇ ಕೇಳಬೇಕಿತ್ತು. ಟಾಸ್ಕ್ ಮ್ಯಾನೇಜರ್ ನಿಷೇಧ ಅಪ್ಪನ ಅಕೌಂಟಿಗೆ ಮಾತ್ರ ಬಿದ್ದಿದೆ. ಶೆಲ್ ಇಬ್ಬರಿಗೂ. ನಿನ್ನೆ ಅಮ್ಮನ ಅಕೌಂಟಿಗೆ ಹೋಗಿ, ಕಪ್ಪು ಪರದೆಯಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆದು, ‘ರನ್ ನ್ಯೂ ಟಾಸ್ಕ್’ನಲ್ಲಿ ರೆಜ್‌ಎಡಿಟ್ ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ, ಆದರೂ ತಲೆಗೆ ಹೋಗಲಿಲ್ಲ. ಫೈಲು ತೆಗೆಯೋದಕ್ಕೆ ರಿಕವರಿಯೇ ಒಳ್ಳೇದಿತ್ತು ಅನ್ನೋದು ಸಮಾಧಾನ. ಅಲ್ಲಿ ಕೆಟ್ಟ ವಿಂಡೋಸ್ ಓಡ್ತಿರಲ್ಲ.

ಈಗ ಅಪ್ಪನನ್ನು ಸೈನ್ ಔಟ್ ಮಾಡಿಸಿ. ಅಮ್ಮನ ಅಕೌಂಟಿನಿಂದ ರೆಜ್‌ಎಡಿಟ್. ಈ ಸಲ ‘ಯೂಸರ್ಸ್’ ಸಾಲು ಆರಿಸಿ ಲೋಡ್ ಹೈವ್. ಫೈಲು ಅಪ್ಪನ ಫೋಲ್ಡರಿನ ಎನ್‌ಟಿಯೂಸರ್ ಡಾಟ್ ಡಿಎಟಿ. ಅಡಗಿಸಿಟ್ಟ ಫೈಲು, ಕಾಣದಿದ್ದರೆ ಹೆಸರು ಟೈಪ್ ಮಾಡಿ. ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಂ. ‘ಡಿಸೇಬಲ್’ ಅಂತ ಶುರುವಾಗೋ ಎರಡು ಸಾಲು, ಒಂದು ಟಾಸ್ಕ್ ಮ್ಯಾನೇಜರಿಂದು, ಒಂದು ರಿಜಿಸ್ಟ್ರಿದು. ಎರಡೂ ಅಳಿಸಿ ಅನ್‌ಲೋಡ್ ಮಾಡಿ.

ಬೆಂಕಿಗೋಡೆ · ಭಾನುವಾರ, ಸಂಜೆ 6:15

ನೆಟ್ ಕೇಬಲ್ ಹಾಕುವ ಮೊದಲು ಮೂರು ಜಾಗ ನೋಡಿ.

ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ. ಮಾಲ್‌ವೇರಿಗೆ ಬಲು ಪ್ರಿಯವಾದ ಜಾಗ. ತನ್ನ ಫೋಲ್ಡರನ್ನು ಅಲ್ಲಿ ಸೇರಿಸಿಬಿಟ್ಟರೆ ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಆದ ಡಿಫೆಂಡರ್ ಅತ್ತ ತಿರುಗಿಯೂ ನೋಡಲ್ಲ, ‘ಯಾವ ಅಪಾಯವೂ ಇಲ್ಲ’ ಅಂತ ಹಸಿರು ಟಿಕ್ ಹಾಕುತ್ತೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ನೆಟ್ ಬೇರೆ ಮಷೀನಿನ ಮೂಲಕ ಸುತ್ತಿ ಬರೋ ವ್ಯವಸ್ಥೆ), ಮನೆ ಕಂಪ್ಯೂಟರಿಗೆ ಅದು ಆಫ್ ಇರಬೇಕು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಆ್ಯಪ್‌ಡೇಟಾದಿಂದ ಓಡುವ ಯಾವುದಾದರೂ ಇದ್ದರೆ ಅನುಮಾನಪಡಿ.

ಆಮೇಲೆ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತೆ. ಸುಮಾರು 15 ನಿಮಿಷ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಸಾಧನಗಳಿವೆ, 2017ರಿಂದ.

ಮೂಲೆಯಲ್ಲಿ ಬರುತ್ತಿದ್ದ ‘ಅಪಾಯ’ ಪೆಟ್ಟಿಗೆಗಳು ಬಹುಶಃ ವೈರಸ್ಸೇ ಅಲ್ಲ. ಯಾವುದೋ ಸೈಟ್ ‘ನೋಟಿಫಿಕೇಶನ್ ಕಳಿಸಲಾ’ ಅಂತ ಕೇಳಿದಾಗ ಅಪ್ಪ ಅಲೋ ಒತ್ತಿರುತ್ತಾರೆ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಆ ಸೈಟಿನ ಹೆಸರು ತೆಗೆದರೆ ನಿಂತುಹೋಗುತ್ತೆ.

ಮಲ್ಲಿಗೆ_ಮೊಳ · ಭಾನುವಾರ, ರಾತ್ರಿ 8:00

ಆ ಪೆಟ್ಟಿಗೆ ವಿಷಯ ಬಂದದ್ದಕ್ಕೆ ಹೇಳ್ತೀನಿ. ನಮ್ಮ ಅತ್ತೆಗೆ ಅಂಥದ್ದೇ ಬಂದಾಗ ಅದರಲ್ಲಿ ಫೋನ್ ನಂಬರ್ ಇತ್ತು. ಕಂಪನಿಯವರೇ ಅಂದುಕೊಂಡು ಕರೆ ಮಾಡಿದರು. ಅವನು ಬಹಳ ಮರ್ಯಾದೆಯಿಂದ ಮಾತಾಡಿ, ದೂರದಿಂದ ಪರದೆ ನೋಡುವ ಆ್ಯಪ್ ಹಾಕಿಸಿ, 18,000 ತೆಗೆದುಕೊಂಡ. ಅದೃಷ್ಟಕ್ಕೆ ಭಾವ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ಬೇಗ ಮಾಡಿದ್ದಕ್ಕೆ ಒಂದಷ್ಟು ದುಡ್ಡು ತಡೆಹಿಡಿದರು. ಅತ್ತೆ ಈಗಲೂ ‘ಎಷ್ಟು ಚೆನ್ನಾಗಿ ಮಾತಾಡಿಸಿದ’ ಅಂತಾರೆ.

ಕಡ್ಲೆಕಾಯಿ_ಪರಿಷೆ · ಸೋಮವಾರ, ರಾತ್ರಿ 9:10

ಎಕ್ಸ್‌ಕ್ಲೂಷನ್ಸ್‌ನಲ್ಲಿ ಏನಿತ್ತು ಗೊತ್ತಾ? ಇಡೀ ಸಿ ಡ್ರೈವ್. ಅದರ ಜೊತೆ ಒಂದು ಆ್ಯಕ್ಟಿವೇಟರ್‌ನ (ನಕಲಿ ವಿಂಡೋಸನ್ನು ಅಸಲಿ ಅನ್ನಿಸೋ ಕ್ರ್ಯಾಕ್) ಫೋಲ್ಡರ್. ಎಸ್‌ಎಸ್‌ಡಿ ಹಾಕಿಕೊಟ್ಟ ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿದ್ದರು. ಒರಿಜಿನಲ್ ಅಂತ ದುಡ್ಡೂ ತಗೊಂಡಿದ್ದರು. ಅಂದರೆ ಮೂರು ವರ್ಷದಿಂದ ಡಿಫೆಂಡರ್ ಇದ್ದೂ ಇಲ್ಲದ ಹಾಗೆ.

ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಇನ್ನೂ ಎರಡು ಸಿಕ್ಕವು.

ಬೆಂಕಿಗೋಡೆ · ಸೋಮವಾರ, ರಾತ್ರಿ 9:25

ಹಾಗಿದ್ದರೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಫೈಲು ಹೊರಗಿವೆ, ಈಗ ಅಳಿಸಿ ಹೊಸದಾಗಿ ಹಾಕಿ. ಮೂರು ವರ್ಷ ಕಾವಲು ಇಲ್ಲದ ಮನೆಯಲ್ಲಿ ಯಾರು ಯಾರು ಬಂದು ಹೋದರು ಅಂತ ಯಾವ ಸ್ಕ್ಯಾನೂ ಹೇಳಲ್ಲ. ವಿಂಡೋಸ್ 10ಕ್ಕೆ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಸ್ಕ್ರೂಡ್ರೈವರ್_ಅಣ್ಣ · ಸೋಮವಾರ, ರಾತ್ರಿ 9:50

ಸಾಮಾನ್ಯವಾಗಿ ಫಾರ್ಮ್ಯಾಟ್ ಅಂದವರ ಜೊತೆ ಜಗಳ ಆಡೋನು ನಾನು. ರಿಪೇರಿ ಮಾಡಿದ್ದು ದಂಡ ಅಲ್ಲ. ಅದರಿಂದಲೇ ಏನಾಗಿತ್ತು ಅಂತ ಗೊತ್ತಾಯಿತು, ಆ ಕ್ರ್ಯಾಕ್ ಕಣ್ಣಿಗೆ ಬಿತ್ತು. ನೇರ ಫಾರ್ಮ್ಯಾಟ್ ಮಾಡಿಸಿದ್ದರೆ ಅದೇ ಅಂಗಡಿಯವನು ಅದೇ ಕ್ರ್ಯಾಕ್ ಮತ್ತೆ ಹಾಕಿ ಕಳಿಸ್ತಿದ್ದ. ಆದರೆ ಈ ಮಷೀನಿಗೆ ಬೆಂಕಿಗೋಡೆ ಹೇಳಿದ್ದೇ ಸರಿ.

ಐ3 ಆರನೇ ತಲೆಮಾರು, ವಿಂಡೋಸ್ 11 ಅಧಿಕೃತವಾಗಿ ಒಪ್ಪಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಶುರು. ಅಪ್ಪನಿಗೆ ಬೇಕಾದ್ದು ಟೈಪಿಂಗು, ಇಮೇಲು, ಬ್ರೌಸರ್ ಅಷ್ಟೇ ತಾನೆ? ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕಿ ನೋಡಿ. ಮೊದಲು ಪೆನ್‌ಡ್ರೈವಿಂದಲೇ ಓಡಿಸಿ ತೋರಿಸಿ.

ಕಡ್ಲೆಕಾಯಿ_ಪರಿಷೆ · ಸೋಮವಾರ, ರಾತ್ರಿ 10:02

ಅಪ್ಪ ಕೇಳಿದ ಒಂದೇ ಪ್ರಶ್ನೆ: ಕೀ ಒತ್ತುವ ರೀತಿ ಬದಲಾಗುತ್ತಾ? ಬೆರಳಿಗೆ ನುಡಿ ಅಭ್ಯಾಸ ಆಗಿಹೋಗಿದೆ ಅಂತ.

ಹಳೇ_ಫ್ಲಾಪಿ · ಮಂಗಳವಾರ, ಬೆಳಗ್ಗೆ 6:40

ಬದಲಾಗುವುದಿಲ್ಲ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂದೇ ಒಂದು ವಿನ್ಯಾಸವಿದೆ. ಕನ್ನಡ ಗಣಕ ಪರಿಷತ್ತಿನ ಅದೇ ಕೀಲಿಮಣೆ. ಬರೆದದ್ದು ನೇರ ಯೂನಿಕೋಡಿನಲ್ಲೇ ಇರುತ್ತದೆ, ಇನ್ನು ಮೇಲೆ ಯಾರೂ ಅದನ್ನು ರ್‍ಯಾನ್ಸಮ್‌ವೇರ್ ಎನ್ನಲಾರರು.

ಕಡ್ಲೆಕಾಯಿ_ಪರಿಷೆ · ಶನಿವಾರ, ಸಂಜೆ 7:30

ಮಿಂಟ್ ಹಾಕಿ ನಾಲ್ಕು ದಿನ ಆಯಿತು. ಅಮ್ಮನ ಸೀರಿಯಲ್ ಓಡ್ತಿದೆ. ಪ್ರಿಂಟರ್ ಎರಡು ದಿನ ಮುನಿಸಿಕೊಂಡಿತ್ತು, ಈಗ ಸರಿಯಾಗಿದೆ. 200 ಚಿಲ್ಲರೆ ಫೈಲ್ ಯೂನಿಕೋಡಿಗೆ ತಿರುಗಿಸಿದೆ. ಫ್ಲಾಪಿ ಸರ್ ಹೇಳಿದ ಹಾಗೆ ಅಲ್ಲಲ್ಲಿ ಒತ್ತಕ್ಷರ ಎಡವಿದೆ. ಅಪ್ಪ ಒಂದೊಂದೇ ತಿದ್ದುತ್ತಾ ಕೂತಿದ್ದಾರೆ. ತಿದ್ದುವಾಗ ಹಳೇದನ್ನೆಲ್ಲಾ ಮತ್ತೆ ಓದಿ, ಕೆರೆ ಅಧ್ಯಾಯ ಪೂರ್ತಿ ತಪ್ಪು ಬರೆದಿದ್ದೀನಿ ಅಂತ ಹೊಸದಾಗಿ ಶುರು ಮಾಡಿದ್ದಾರೆ.

ಎರಡು ಪೆನ್‌ಡ್ರೈವ್‌ನಲ್ಲಿ ಪ್ರತಿ ಇಟ್ಟಿದ್ದೇನೆ. ಒಂದು ನಮ್ಮಲ್ಲಿ, ಒಂದು ಜಯನಗರದ ಚಿಕ್ಕಮ್ಮನ ಮನೆಯಲ್ಲಿ.

ಹೊಸಬ_ಹೆಬ್ಬಾಳ · ಭಾನುವಾರ, ರಾತ್ರಿ 11:58

ನಮಸ್ತೆ, ನನ್ನದೂ ಇದೇ ಸಮಸ್ಯೆ. ಬರೀ ಕಪ್ಪು ಪರದೆ. ಇಲ್ಲಿ ಬರೆದದ್ದೆಲ್ಲಾ ಮಾಡೋಣ ಅಂದ್ರೆ ಪಾಸ್‌ವರ್ಡ್ ಪರದೆಯೂ ಬರ್ತಿಲ್ಲ, ಬಾಣವೂ ಇಲ್ಲ. ಸಿಪಿಯು ಫ್ಯಾನ್ ತಿರುಗ್ತಿದೆ. ಮಾನಿಟರಿನ ಲೈಟ್ ಕಿತ್ತಳೆ ಬಣ್ಣ. ಯಾವ ವೈರಸ್ ಇದು?

ಸ್ಕ್ರೂಡ್ರೈವರ್_ಅಣ್ಣ · ಸೋಮವಾರ, ಬೆಳಗ್ಗೆ 7:15

ಮನೆ ಗುಡಿಸಿದರಾ ನಿನ್ನೆ? ಮಾನಿಟರಿನ ಹಿಂದಿರೋ ಕೇಬಲ್ ಒತ್ತಿ ನೋಡಿ.

ಹೊಸಬ_ಹೆಬ್ಬಾಳ · ಸೋಮವಾರ, ಬೆಳಗ್ಗೆ 7:22

ಬಂತು ಅಣ್ಣ.